ಹನ್ನೆರಡನೆಯ ಖಾನೆಯ ಉಂಗುರ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮೈದಾನದ ಈ ತುದಿಯಲ್ಲಿ ನಿಂತವರಿಗೆ ಆ ತುದಿಯ ಗೋಲುಕಂಬ ಕಾಣುತ್ತಿರಲಿಲ್ಲ. ಹುಲ್ಲಿನ ಮೇಲೆ ಎಳೆದ ಬಿಳಿ ಗೆರೆಗಳು ನಾಲ್ಕು ಹೆಜ್ಜೆ ಹೋಗಿ, ಆಮೇಲೆ ಎಲ್ಲಿಗೆ ಹೋಗಬೇಕೆಂದು ಮರೆತಂತೆ ಮಾಯವಾಗುತ್ತಿದ್ದವು.

ಆಟಗಾರರ ಕೋಣೆಗೆ ಅಂಟಿಕೊಂಡ ಪುಟ್ಟ ಚಿಕಿತ್ಸಾ ಕೋಣೆಯಲ್ಲಿ ಅವಳು ಪಟ್ಟಿಯ ಸುರುಳಿಗಳನ್ನು ಜೋಡಿಸುತ್ತಿದ್ದಳು. ದೇಶದ ತಂಡದ ಹಳೆಯ ಫಿಸಿಯೋ ಕಾಯಿಲೆ ಬಿದ್ದಿದ್ದರು. ಮೂರು ದಿನದ ಹಿಂದೆ ಇವಳಿಗೆ ಕರೆ ಬಂದಿತ್ತು. ಹದಿನಾರು ದೇಶಗಳ ಫುಟ್‌ಬಾಲ್ ಚಾಂಪಿಯನ್‌ಶಿಪ್, ಇವತ್ತು ಮೊದಲ ಪಂದ್ಯ. ಚಳಿಗೆ ಅಮ್ಮ ಕೊಟ್ಟ ಹಳದಿ ಹತ್ತಿ ಶಾಲು ಹೆಗಲ ಮೇಲಿತ್ತು.

ಒಬ್ಬ ಒಳಗೆ ಬಂದ. ಎದುರಿಗೆ ಕೂತು ಎರಡೂ ಕೈಗಳನ್ನು ಮೇಜಿನ ಮೇಲೆ ಹರಡಿದ.

“ಹತ್ತು ಬೆರಳಿಗೂ ಪಟ್ಟಿ ಸುತ್ತಿ ಮೇಡಂ.”

“ಇವತ್ತು ಆಡ್ತೀರಾ?”

“ಇಲ್ಲ. ನಾನು ಎರಡನೇ ಗೋಲ್‌ಕೀಪರ್.”

“ಆಡದೇ ಇರೋರಿಗೆ ಪಟ್ಟಿ ಯಾಕೆ?”

“ಕರೆ ಬಂದಾಗ ಕೈ ಸಿದ್ಧ ಇರ್ಬೇಕಲ್ಲ. ಏಳು ವರ್ಷದಿಂದ ಸಿದ್ಧ ಇದೆ. ಕರೆಯೋರಿಗೇ ಪುರುಸೊತ್ತಿಲ್ಲ.”

ನಗಬೇಕೋ, ಅಯ್ಯೋ ಅನ್ನಬೇಕೋ ಅವಳಿಗೆ ತಿಳಿಯಲಿಲ್ಲ.

ಬಾಗಿಲಲ್ಲಿ ತಂಡದ ನಾಯಕ ತಲೆ ಹಾಕಿದ. “ಏನಪ್ಪಾ ಬೆಂಚಣ್ಣ, ಆಗಲೇ ಬಂದ್ಯಾ? ಮೇಡಂ, ಇವನಿಗೆ ಬೆರಳಿಗಲ್ಲ, ಕೂರೋ ಜಾಗಕ್ಕೆ ಪಟ್ಟಿ ಸುತ್ತಿ. ಸವೆದಿರೋದು ಅದೇ.”

ಬೆಂಚಣ್ಣ ಎಂಬ ಹೆಸರು ಹೊತ್ತವನು ಬೇಸರಿಸಿಕೊಳ್ಳಲಿಲ್ಲ. ಎಡಗೈಯ ಕಿರುಬೆರಳಿನಿಂದ ಒಂದು ಉಂಗುರ ತೆಗೆದು ಅವಳ ಅಂಗೈಯಲ್ಲಿಟ್ಟ. ಪಂದ್ಯದ ದಿನ ಮೈದಾನಕ್ಕೆ ಉಂಗುರ ಹಾಕಿಕೊಂಡು ಹೋಗುವಂತಿಲ್ಲ. ಎಲ್ಲರ ಉಂಗುರಗಳನ್ನೂ ಫಿಸಿಯೋ ಮಾತ್ರೆ ಡಬ್ಬಿಯ ಖಾನೆಗಳಲ್ಲಿ ಅಂಗಿಯ ನಂಬರಿನಂತೆ ಇಟ್ಟುಕೊಂಡು, ಪಂದ್ಯ ಮುಗಿದ ಮೇಲೆ ಹಿಂದಿರುಗಿಸುವುದು ಆ ತಂಡದ ಪದ್ಧತಿ. ಅವನದು ಹನ್ನೆರಡು.

“ಜೋಪಾನ ಮೇಡಂ” ಎಂದ. ಆ ಒಂದು ಮಾತಿನಲ್ಲಿ ಮಾತ್ರ ತಮಾಷೆ ಇರಲಿಲ್ಲ.

ಸಣ್ಣ ಹಸಿರು ಕಲ್ಲಿನ ಉಂಗುರ. ಹೆಂಗಸಿನದು.

ಯಾರದು? ಕೇಳಬೇಕೆಂದುಕೊಂಡಳು. ಕೇಳಲಿಲ್ಲ. ಕಣ್ಣು ಮುಚ್ಚಿ, ಕೆಲಸಕ್ಕೆ ಮುಂಚೆ ಯಾವಾಗಲೂ ಮಾಡುವಂತೆ ಒಂದು ಗಳಿಗೆ ಭಗವಂತನನ್ನು ನೆನೆದು, ಅವನ ಹೆಬ್ಬೆರಳಿನಿಂದ ಸುತ್ತಲು ತೊಡಗಿದಳು.

ನಂತರದ ಪಂದ್ಯಗಳಲ್ಲೂ ಹಾಗೆಯೇ ನಡೆಯಿತು. ಎಲ್ಲರಿಗಿಂತ ಮೊದಲು ಬರುತ್ತಿದ್ದ, ಹತ್ತು ಬೆರಳಿಗೂ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ, ಬೆಂಚಿನ ಮೇಲೆ ಕೂತು ಎದ್ದು ಬರುತ್ತಿದ್ದ. ಪಟ್ಟಿ ಬಿಚ್ಚಿಸಿಕೊಂಡು ಉಂಗುರ ತೆಗೆದುಕೊಳ್ಳುತ್ತಿದ್ದ. ಬೆರಳಿಗೊಂದು ಮಾತು.

“ನೀವು ಕೀಪರ್ ಆಗಿದ್ದು ಹೇಗೆ?” ಎಂದು ಒಮ್ಮೆ ಕೇಳಿದಳು.

“ನಮ್ಮಜ್ಜಿಯಿಂದ. ನಾಲ್ಕು ಮನೆ ಬಟ್ಟೆ ಒಗೀತಿದ್ಲು. ಕೆಳಗೆ ನಿಂತು ಒದ್ದೆ ಬಟ್ಟೆ ಉಂಡೆ ಮಾಡಿ ಎಸೀತಿದ್ಲು, ಮಹಡಿ ಮೇಲೆ ನಾನು ಹಿಡಿದು ಹರವ್ಬೇಕು. ಕೈಬಿಟ್ರೆ ಮಣ್ಣಾಗ್ತಿತ್ತು. ಮತ್ತೆ ಒಗೆಯೋದು ನಾನೇ. ಅದಕ್ಕೇ ಬಿಡ್ತಿರಲಿಲ್ಲ.”

ಅವಳು ನಕ್ಕಳು. ನಗುತ್ತಲೇ ಕಣ್ಣು ಹಸಿರು ಕಲ್ಲಿನತ್ತ ಹೋಯಿತು. ಇಷ್ಟೆಲ್ಲ ಹೇಳುವವನು ಅದೊಂದನ್ನು ಯಾಕೆ ಹೇಳುವುದಿಲ್ಲ? ಎಲ್ಲೋ ಒಬ್ಬಳು ಕಾಯುತ್ತಿರಬೇಕು... ಕಾಯಲಿ ಬಿಡು, ನನಗೇನು? ನನಗೇನೂ ಅಲ್ಲದಿದ್ದರೆ ಈ ಐದು ಬೆರಳು ಮುಗಿಯುವಾಗ ಇನ್ನೂ ಐದಿವೆ ಎಂದು ಮನಸ್ಸು ಯಾಕೆ ಹಿಗ್ಗುತ್ತದೆ?

ಎಂಟರ ಘಟ್ಟದ ಪಂದ್ಯದಲ್ಲಿ ಮೊದಲನೇ ಗೋಲ್‌ಕೀಪರ್ ಭುಜ ಜಾರಿಸಿಕೊಂಡರು. ಪಂದ್ಯ ಹೇಗೋ ಗೆದ್ದಾಯಿತು. ಸೆಮಿಫೈನಲ್‌ಗೆ ಗೋಲಿನ ಮುಂದೆ ನಿಲ್ಲುವವನು ಬೆಂಚಣ್ಣನೇ. ಏಳು ವರ್ಷದ ಮೇಲೆ ಕರೆ ಬಂದಿತ್ತು.

ಸೆಮಿಫೈನಲ್ ದಿನ ಬೆಳಿಗ್ಗೆ ಅವನು ಬಂದು ಕೂತ. ಬಲಗೈ ಮಾತ್ರ ಚಾಚಿದ.

“ಎಡಗೈ?”

ನಿಧಾನವಾಗಿ ತೆಗೆದ. ಕಿರುಬೆರಳು ಊದಿ ನೀಲಿಗಟ್ಟಿತ್ತು. ಉಂಗುರ ಮಾಂಸದಲ್ಲಿ ಹೂತುಹೋಗಿತ್ತು.

“ನಿನ್ನೆ ಅಭ್ಯಾಸದಲ್ಲಿ ಚೆಂಡು ಬಡೀತು. ಸೋಪು ಹಾಕಿದೆ, ಎಣ್ಣೆ ಹಾಕಿದೆ, ಬರ್ತಿಲ್ಲ. ಇದನ್ನ ಕತ್ತರಿಸಬೇಡಿ ಮೇಡಂ, ದಮ್ಮಯ್ಯ. ಡಾಕ್ಟರಿಗೂ ಹೇಳ್ಬೇಡಿ. ಇದೊಂದು ಪಂದ್ಯ.”

ಒಳ್ಳೆಯ ದಾರ ಇದ್ದದ್ದು ಡಾಕ್ಟರ ಕೋಣೆಯಲ್ಲಿ, ಕೇಳಹೋದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅವಳು ಶಾಲಿನ ಅಂಚಿನಿಂದ ಉದ್ದನೆಯ ಹಳದಿ ನೂಲೊಂದನ್ನು ಸರ್ರೆಂದು ಎಳೆದಳು. ಒಂದು ತುದಿಯನ್ನು ಚಿಮಟದಿಂದ ಉಂಗುರದ ಕೆಳಗೆ ತೂರಿಸಿ, ಉಳಿದದ್ದನ್ನು ಗೆಣ್ಣಿನ ಆಚೆಯವರೆಗೆ ಒತ್ತೊತ್ತಾಗಿ ಸುತ್ತಿದಳು. ತೂರಿಸಿದ ತುದಿಯಿಂದ ಬಿಚ್ಚುತ್ತಾ ಬಂದಂತೆ, ಉಂಗುರ ನೂಲಿನ ಮೇಲೆ ಸುತ್ತು ಸುತ್ತಾಗಿ ಜಾರಿತು. ಅವನು ಹಲ್ಲು ಕಚ್ಚಿ ಕೂತಿದ್ದ. ಹಣೆಯ ಮೇಲೆ ಬೆವರು. ಉಂಗುರ ಕೈಗೆ ಬಂದಾಗ ಇಬ್ಬರೂ ಒಟ್ಟಿಗೆ ಉಸಿರುಬಿಟ್ಟರು.

“ಹೇಳಲ್ಲ ತಾನೆ?” ಎಂದ.

ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆ ಮೌನವನ್ನು ಅವನು ಒಪ್ಪಿಗೆಯೆಂದುಕೊಂಡು ಎದ್ದು ಹೋದ.

ಅವಳು ಹನ್ನೆರಡನೆಯ ಖಾನೆ ಮುಚ್ಚಿದಳು. ಐದು ನಿಮಿಷ ಕೂತಳು. ಆಮೇಲೆ ಎದ್ದು ನೇರವಾಗಿ ಡಾಕ್ಟರ ಕೋಣೆಗೆ ಹೋಗಿ ಹೇಳಿಬಿಟ್ಟಳು.

ಎಕ್ಸ್‌-ರೇಯಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಬಿರುಕೋ, ನೆರಳೋ ಡಾಕ್ಟರಿಗೂ ಖಚಿತವಿಲ್ಲ. “ಬಿರುಕಾಗಿದ್ರೆ, ಇವತ್ತು ಚೆಂಡು ಬಡಿದ್ರೆ, ಜನ್ಮಪೂರ್ತಿ ಈ ಬೆರಳು ಮಡಿಸೋಕಾಗಲ್ಲ” ಎಂದು ಹಿರಿಯ ಡಾಕ್ಟರು ತಲೆಯಾಡಿಸಿದರು. ಮೂರನೇ ಗೋಲ್‌ಕೀಪರ್ ಮೈದಾನಕ್ಕಿಳಿದ. ತಂಡ ಒಂದು ಗೋಲಿನಿಂದ ಸೋತಿತು.

ಪಂದ್ಯ ಮುಗಿದ ಮೇಲೆ ಎಲ್ಲರೂ ಬಂದು ತಮ್ಮ ತಮ್ಮ ಉಂಗುರ ತೆಗೆದುಕೊಂಡರು. ಹನ್ನೆರಡನೆಯ ಖಾನೆಗೆ ಯಾರೂ ಬರಲಿಲ್ಲ.

ಎರಡನೆಯ ದಿನ ಮತ್ತೆ ಚಿತ್ರ ತೆಗೆದರು. ಬಿರುಕಿರಲಿಲ್ಲ. ಬರೀ ಉಳುಕು.

ಅವನು ಆಡಬಹುದಿತ್ತು.

ಓದುವವರೇ, ಆ ಹೆಣ್ಣಿನ ಮನಸ್ಸು ಹೇಗಾಗಿರಬೇಕು ನೀವೇ ಹೇಳಿ. ತಾನು ಹೇಳಿದ್ದು ಕೆಲಸದ ಧರ್ಮಕ್ಕೆ, ಅದರಲ್ಲಿ ಅನುಮಾನವಿಲ್ಲ ಎಂದುಕೊಳ್ಳುತ್ತಿದ್ದಳು. ಮರುಗಳಿಗೆಗೆ, ಇಲ್ಲ, ಅವನಿಗೆ ನೋವಾಗುವುದನ್ನು ನೋಡಲಾರದೆ ಹೇಳಿದೆ ಅನ್ನಿಸುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಕಳ್ಳಹೆಜ್ಜೆಯಲ್ಲಿ ಬರುತ್ತಿತ್ತು... ಯಾರದೋ ಉಂಗುರ ಉಳಿಸಲು ಅವನು ಅಷ್ಟು ಬೇಡಿಕೊಂಡನಲ್ಲ, ಆ ಹೊಟ್ಟೆಕಿಚ್ಚಿಗೆ ಏಳು ವರ್ಷದ ಕರೆಯನ್ನು ನಾನು ಕಿತ್ತುಕೊಂಡೆನಾ?

ದೇವರ ಮುಂದೆ ಕೂತಳು. ಕಣ್ಣು ಮುಚ್ಚಿದರೆ ಮೊದಲ ದಿನದ ಮಂಜು.

ಫೋನಿನಲ್ಲಿ ಅಮ್ಮ ಕೇಳಿದರು. “ಶಾಲು ಹೊದ್ಕೊಳ್ತಿದ್ದೀಯಾ?”

“ಅಂಚು ಬಿಚ್ಚಿಕೊಳ್ತಿದೆ ಅಮ್ಮ. ಒಂದು ನೂಲು ಎಳೆದೆ.”

“ಯಾರಿಗೋಸ್ಕರ?”

ಅಮ್ಮಂದಿರು ನೇರ ಅಲ್ಲಿಗೇ ಬರುತ್ತಾರೆ. ಮಗಳು ಎಲ್ಲವನ್ನೂ ಹೇಳಿದಳು.

“ಅವನ ವಸ್ತು ಅವನಿಗೆ ಕೊಟ್ಟುಬಿಡು. ಕ್ಷಮೆ ಕೇಳು” ಎಂದರು ಅಮ್ಮ. “ಆಮೇಲೆ ಬೇಕಾದ್ರೆ ಮನೆಗೆ ಬಂದು ಅಳು, ನಾನಿದ್ದೀನಿ.”

ನಾಲ್ಕನೆಯ ದಿನ ಮೂರನೇ ಸ್ಥಾನಕ್ಕಾಗಿ ಪಂದ್ಯ. ಸೋತವರಿಬ್ಬರ ಪಂದ್ಯ, ಯಾರಿಗೂ ಬೇಡದ್ದು. ಮಧ್ಯಾಹ್ನದ ಬಿಸಿಲಿಗೆ ಅರ್ಧ ಕುರ್ಚಿಗಳು ಖಾಲಿ ಹೊಳೆಯುತ್ತಿದ್ದವು. ಮೊದಲನೇ ಕೀಪರ್ ಅವರ ಭುಜ ಇನ್ನೂ ಕಟ್ಟಿನಲ್ಲೇ ಇತ್ತು.

ಬೆಂಚಣ್ಣ ಬಂದು ಕೂತ. ಹತ್ತು ಬೆರಳನ್ನೂ ಹರಡಿದ. ಮುಖ ಮಾತ್ರ ಕಿಟಕಿಯ ಕಡೆ.

ಅವಳು ಡಬ್ಬಿ ತೆರೆದಳು. “ನಿಮ್ಮ ಉಂಗುರ...”

“ಪಂದ್ಯ ಆದ ಮೇಲೆ.”

ಸಿಟ್ಟೋ, ನೋವೋ, ಬರೀ ಪದ್ಧತಿಯ ಮಾತೋ? ಒಂದೂ ತಿಳಿಯದೆ ಪಟ್ಟಿ ಸುತ್ತಿದಳು. ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿದಳು, ಒಂದಕ್ಕೊಂದು ಆಸರೆಯಾಗಲೆಂದು. ಇಡೀ ಹೊತ್ತು ಒಂದೇ ಒಂದು ಮಾತಿಲ್ಲ. ಹತ್ತು ಬೆರಳು ಇಷ್ಟು ದೂರವಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಒಂಬತ್ತನೇ ನಿಮಿಷದಲ್ಲೇ ಚೆಂಡು ಅವನ ಕೈಯಿಂದ ಜಾರಿ ಗೋಲಾಯಿತು. ಖಾಲಿ ಕುರ್ಚಿಗಳ ನಡುವಿನಿಂದ ಯಾರೋ ಕೂಗಿದರು: “ಬೆಂಚೇ ಪರವಾಗಿರಲಿಲ್ಲ ಕಣಪ್ಪಾ.” ಅವನು ಚೆಂಡನ್ನು ಬಲೆಯಿಂದ ತೆಗೆದು, ಅಂಗಿಗೆ ಒರೆಸಿ, ನಡುಮೈದಾನಕ್ಕೆ ಒದ್ದ. ಆಮೇಲೆ ಐದು ಹಿಡಿದ, ಇನ್ನೊಂದು ಬಿಟ್ಟ. ಕೊನೆಯ ನಿಮಿಷದಲ್ಲಿ ಎಡಗೈಯಿಂದ ಒಂದನ್ನು ಕಂಬದಾಚೆ ತಳ್ಳಿದ. ಮೂರು ಎರಡರಿಂದ ಗೆದ್ದರು. ನಾಯಕ ಓಡಿಬಂದು ಅವನನ್ನು ಎತ್ತಿಕೊಂಡ. ಅವಳು ಮಾತ್ರ ಮೈದಾನದ ಅಂಚಿನಲ್ಲಿ ನಿಂತು ಆ ಎಡಗೈಯನ್ನೇ ನೋಡುತ್ತಿದ್ದಳು.

ಎಲ್ಲರೂ ಬಂದು ಹೋದ ಮೇಲೆ ಅವನು ಬಂದ. ಹುಲ್ಲಿನ ವಾಸನೆ, ಬೆವರಿನ ವಾಸನೆ. ಕೈ ಚಾಚಿದ. ಅವಳು ಪಟ್ಟಿ ಬಿಚ್ಚತೊಡಗಿದಳು. ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ. ನಾಳೆ ತಂಡ ಚದುರುತ್ತದೆ.

“ಒಂದು ಮಾತು ಹೇಳ್ಬೇಕು. ಸುಮ್ನೆ ಕೇಳಿ. ಅವತ್ತು ನಾನು ಡಾಕ್ಟರಿಗೆ ಹೇಳಿದ್ದು ನಿಮ್ಮ ಬೆರಳಿಗೋಸ್ಕರನೋ, ಈ ಉಂಗುರದವಳ ಮೇಲಿನ ಹೊಟ್ಟೆಕಿಚ್ಚಿಗೋ, ನನಗೇ ಗೊತ್ತಿಲ್ಲ. ನಾಲ್ಕು ದಿನದಿಂದ ಹುಡುಕ್ತಿದ್ದೀನಿ, ಗೊತ್ತಾಗ್ತಿಲ್ಲ. ನಿಮ್ಮ ಪಂದ್ಯ ಹಾಳು ಮಾಡಿದೆ. ಕ್ಷಮಿಸಿ.”

ಅವನು ತಲೆಯೆತ್ತಿ ಅವಳನ್ನು ನೋಡಿದ.

“ಉಂಗುರದವಳು...” ಎಂದ. “ಅವಳಿಗೆ ಎಂಬತ್ತಾರು ವರ್ಷ ಆಗಿತ್ತು, ಹೋದಾಗ. ಮೂರು ಹಲ್ಲಿತ್ತು. ನಾನು ಒಂದು ಬಟ್ಟೆ ಕೈಬಿಟ್ರೆ ಬೀದಿ ಪೂರ್ತಿ ಕೇಳೋ ಹಾಗೆ ಬೈತಿದ್ಲು.”

ಅವಳ ಕೈ ಪಟ್ಟಿಯ ಮೇಲೆಯೇ ನಿಂತಿತು.

“ಅಜ್ಜಿ...?”

“ಅಜ್ಜಿಯದೇ.”

“ಮತ್ತೆ ಯಾಕೆ ಬರಲಿಲ್ಲ? ನಾಲ್ಕು ದಿನ...”

“ಮೊದಲ ದಿನ ಸಿಟ್ಟಿತ್ತು. ಸುಳ್ಳು ಯಾಕೆ ಹೇಳ್ಲಿ. ಎರಡನೇ ದಿನ ನಾಚಿಕೆ ಆಯ್ತು. ನಿಮ್ಮ ಕೈಲಿ ಸುಳ್ಳು ಹೇಳ್ಸೋಕೆ ಹೊರಟಿದ್ನಲ್ಲ, ಬಿರುಕಿದ್ದಿದ್ರೆ ಆ ಪಾಪ ನಿಮ್ಮ ತಲೆ ಮೇಲೆ. ಮೂರನೇ ದಿನ ಬಾಗಿಲ ತನಕ ಬಂದೆ.”

“ಬಂದು?”

“ಉಂಗುರ ತಗೊಂಡ್ರೆ ನಿಮ್ಮ ಹತ್ರ ಬರೋಕೆ ಇನ್ನೊಂದು ನೆಪ ಇರಲ್ಲ ಅನ್ನಿಸ್ತು. ವಾಪಸ್ ಹೋದೆ.”

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ನೋಡುವವರಿಗೆ ಹೇಳುವುದು ಕಷ್ಟವಿತ್ತು. ಹನ್ನೆರಡನೆಯ ಖಾನೆ ತೆರೆದು ಉಂಗುರವನ್ನು ಅವನ ಅಂಗೈಯಲ್ಲಿಟ್ಟಳು. ಅವನು ಕಿರುಬೆರಳಿಗೆ ತೊಡಿಸಲು ನೋಡಿದ. ಗೆಣ್ಣು ದಾಟಲಿಲ್ಲ.

“ಊತ ಇಳಿದಿಲ್ಲ” ಎಂದ. “ಇನ್ನೂ ಸ್ವಲ್ಪ ದಿನ ನಿಮ್ಮ ಹತ್ರನೇ ಇರಲಿ.”

“ಡಬ್ಬೀಲಾ?”

“ಡಬ್ಬೀಲಿ ಬೇಡ.”

ಅವಳು ಎಡಗೈ ಚಾಚಿದಳು. ಪಟ್ಟಿ ಸುತ್ತುವ ಬೆರಳುಗಳಿಗೆ ಇದುವರೆಗೆ ಯಾರೂ ಏನನ್ನೂ ತೊಡಿಸಿರಲಿಲ್ಲ. ಅವನು ತೊಡಿಸಿದ ಉಂಗುರ ತಡೆಯಿಲ್ಲದೆ ಸೇರಿತು.

“ಇನ್ಮೇಲೂ ಮೇಡಂ ಅನ್ಬೇಕಾ?” ಎಂದು ಕೇಳಿದ.

“ಪಟ್ಟಿ ಸುತ್ತುವಾಗ ಅನ್ನಿ.”

“ಉಳಿದ ಹೊತ್ತಲ್ಲಿ?”

“ನನಗೂ ಗೊತ್ತಿಲ್ಲ. ನಿಧಾನವಾಗಿ ಗೊತ್ತಾಗಲಿ.”

ಹೊರಗೆ ಯಾರೋ ಬಸ್ಸು ಹೊರಡುತ್ತದೆಂದು ಕೂಗಿದರು. ಅವನು ಎದ್ದು, ಹೆಗಲ ಚೀಲದ ಒಳಜೇಬಿಗೆ ಕೈಹಾಕಿದ. ಅಚ್ಚುಕಟ್ಟಾಗಿ ಸುರುಳಿ ಸುತ್ತಿದ ಅವತ್ತಿನ ಹಳದಿ ನೂಲನ್ನು ತೆಗೆದು, ಬಿಚ್ಚಿಕೊಳ್ಳುತ್ತಿದ್ದ ಅವಳ ಶಾಲಿನ ಅಂಚಿನ ಮೇಲಿಟ್ಟ.