ಏರು ಹತ್ತಿದ ನೀಲಿ ಕಾರು

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಬೆಳಗಿನ ಹೊತ್ತು. ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಆ ವರ್ಷದ ಮೊದಲ ಹಿಮ ಕೆಬೆಕ್ ಸೀಮೆಯ ಸೇಂತ್-ಓದಿಲ್ ಊರಿನ ಕಾರುಗಳ ಮೇಲೆಲ್ಲ ತೆಳ್ಳಗೆ ಕೂತಿತ್ತು. ಜನ ಗಾಜು ಕೆರೆದುಕೊಂಡು ಒಂದೇ ಕಡೆ ಹೊರಟಿದ್ದರು, ಲುಡೊವಿಕ್ ಹಾರ್ವೆಯ ಟೈರ್ ಅಂಗಡಿಗೆ.

ಪ್ರತಿ ವರ್ಷವೂ ಹಾಗೇ. ಹಿಮ ಕಣ್ಣಿಗೆ ಬೀಳುವವರೆಗೆ ಚಳಿಗಾಲದ ಟೈರು ಯಾರಿಗೂ ನೆನಪಾಗುವುದಿಲ್ಲ. ಬಿದ್ದ ದಿನ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ.

ಆ ಸಾಲಿನ ಕೊನೆಗೆ ಬಂದು ನಿಂತದ್ದು ಒಂದು ನೀಲಿ ಕಾರು. ನೆಲಕ್ಕೆ ತಗ್ಗಿದ ಮೈ, ಅಗಲವಾದ ಹಿಂಭಾಗ. ಎಂಜಿನ್ ಗುರುಗುಟ್ಟುವಾಗ ಅಂಗಡಿಯ ಗಾಜು ಸಣ್ಣಗೆ ನಡುಗಿತು. ಇಳಿದವಳು ಲಿಯೆಟ್ ಸಿಮಾರ್.

ಲಿಯೆಟ್ ಅದೇ ಊರಿನ ಹುಡುಗಿ. ಉತ್ತರದ ಕಬ್ಬಿಣದ ಗಣಿಯಲ್ಲಿ ಮನೆಯಷ್ಟು ಎತ್ತರದ ಲಾರಿ ಓಡಿಸಿ ಹತ್ತು ವರ್ಷ ಕಳೆದು, ಆ ಬೇಸಿಗೆಯಲ್ಲಿ ಹಿಂದಿರುಗಿದ್ದಳು. ಮೈಯೆಲ್ಲ ಅದುರಿಸುವ ಆ ಲಾರಿಯಲ್ಲಿ ಕೂತು ಅವಳು ಕಂಡ ಕನಸು ಒಂದೇ. ಬೆರಳು ಅಲುಗಿಸಿದರೆ ಮಾತು ಕೇಳುವ ಒಂದು ಕಾರು. ದುಡಿದದ್ದನ್ನೆಲ್ಲ ಅದಕ್ಕೇ ಹಾಕಿ, ಚಿಕ್ಕಮ್ಮ ಫ್ಲೋರಾನ್ಸಳ ನದಿ ದಂಡೆಯ ಮನೆಗೆ ಬಂದು ಇಳಿದಿದ್ದಳು.

ಕೆಲಸವೂ ಸಿಕ್ಕಿತ್ತು. ಬೆಟ್ಟದ ಮೇಲೆ ಮದಾಮ್ ಪೆರೋನ್ ಅವರ ಚೀಸ್ ತಯಾರಿಸುವ ಮನೆಯಲ್ಲಿ. ಮದಾಮ್ ಒಂದೇ ಮಾತು ಹೇಳಿದ್ದರು.

"ಕ್ರಿಸ್ಮಸ್‌ವರೆಗೆ ನೋಡ್ತೀನಿ ಹುಡುಗಿ. ಹಾಲು ಯಾರಿಗೂ ಕಾಯಲ್ಲ. ಏರು ಹತ್ತೋಕಾಗ್ಲಿಲ್ಲ ಅಂತ ಒಂದು ದಿನ ತಪ್ಪಿದ್ರೂ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ."

ಆ ಏರನ್ನು ಊರವರು ಬಲ್ಲರು. ದಂಡೆಯಿಂದ ಚರ್ಚು ದಾಟಿ, ಶಿಲುಬೆಯ ತಿರುವು ಸುತ್ತಿ, ಗೋಡೆಗೆ ಏಣಿ ಇಟ್ಟ ಹಾಗೆ ನಿಂತ ರಸ್ತೆ. ಚಳಿಗಾಲದಲ್ಲಿ ದೊಡ್ಡ ಪಿಕಪ್‌ಗಳೇ ಅಲ್ಲಿ ಹಿಂದಕ್ಕೆ ಜಾರುತ್ತಿದ್ದವು. ಈ ಕೆಲಸ ತಪ್ಪಿದರೆ ಲಿಯೆಟ್‌ಗೆ ಉಳಿಯುವುದು ಗಣಿಯೊಂದೇ...

ಮತ್ತೆ ಅಲ್ಲಿಗಾ? ಬೇಡ. ಸತ್ತರೂ ಬೇಡ.

ಲುಡೊವಿಕ್, ಊರವರ ಬಾಯಲ್ಲಿ ಲುಡೊ, ಅವಳು ಗಣಿಯಲ್ಲಿದ್ದಾಗ ಊರಿಗೆ ಬಂದವನು. ಅವಳು ನೇರವಾಗಿ ಅವನ ಮುಂದೆ ನಿಂತು ಫೋನಿನಲ್ಲಿದ್ದ ಚಿತ್ರ ತೋರಿಸಿದಳು. ಇಪ್ಪತ್ತು ಇಂಚಿನ ಕಪ್ಪು ಚಕ್ರ. ತೆಳುವಾದ ಕಡ್ಡಿಗಳು, ಅದರ ಸುತ್ತ ಪಟ್ಟಿಯಷ್ಟೇ ಟೈರು.

"ಇವು ಬೇಕು. ಚಳಿಗಾಲದ ಟೈರು ಹಾಕಿ ಕೊಡಿ."

ಲುಡೊ ಕೈ ಒರೆಸಿಕೊಂಡು ಚಿತ್ರ ನೋಡಿದ. ಆಮೇಲೆ ಅವಳ ಮುಖ ನೋಡಿದ. ನೋಡಿದವನು ಯಾಕೋ ಒಂದು ಗಳಿಗೆ ಹೆಚ್ಚೇ ನೋಡಿದ. ಹೊಗೆ ಬಣ್ಣದ ಕಣ್ಣು ಅವನದು. ಅವಳೂ ಫೋನು ಇಳಿಸುವುದನ್ನು ಮರೆತಳು.

"ಇದನ್ನ ನಾನು ಮಾರಲ್ಲ," ಎಂದ.

"ಯಾಕೆ?"

"ನಮ್ಮ ರಸ್ತೆ ಗುಂಡಿಗೆ ಬಿದ್ರೆ ಚಕ್ರ ಸೀಳತ್ತೆ. ಟೈರಿನ ಪಕ್ಕದಲ್ಲಿ ರಬ್ಬರೇ ಇಲ್ಲ, ಪೆಟ್ಟು ತಡೆಯೋರ್ಯಾರು?"

"ಸರಿ, ಬೇರೆ ಕೊಡಿ."

"ಈ ಕಾರಿಗೆ ಆಗೋದು ನನ್ನ ಹತ್ರ ಇಲ್ಲ. ಸದ್ಯಕ್ಕೆ... ಕೊಟ್ಟಿಗೆಲಿ ಇಡಿ."

ಸಾಲಿನಲ್ಲಿದ್ದ ಮುದುಕ ಒನೆಸಿಮ್ ಇಂಥದ್ದಕ್ಕೇ ಕಾದಿದ್ದ. ಊರಿನ ಅತಿ ದೊಡ್ಡ ಪಿಕಪ್ ಅವನದು, ಅತಿ ದೊಡ್ಡ ಬಾಯಿಯೂ ಅವನದೇ. "ಹಸು ಪಕ್ಕ ಕಟ್ಟಮ್ಮ ಲಿಯೆಟ್. ಮೇ ತಿಂಗಳಿಗೆ ಕರು ಹಾಕೀತು."

ಅಂಗಡಿಯೆಲ್ಲ ನಕ್ಕಿತು. ಲುಡೊನ ತುಟಿಯೂ ಸ್ವಲ್ಪ ಅರಳಿತು. ನಾಚಿಕೆಯಾದಾಗ ಅವನ ಮುಖ ಹಾಗೆ ಆಗುತ್ತಿತ್ತು. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

'ಇವನೂ ಅವರ ಹಾಗೇ...' ಲಿಯೆಟ್ ಬಾಗಿಲು ಬಡಿದುಕೊಂಡು ಹೊರಟಳು.

ಎರಡು ವಾರ ಕಳೆಯಿತು. ಬೆಳಗಿನ ಜಾವ ರಸ್ತೆ ಹೆಪ್ಪುಗಟ್ಟತೊಡಗಿತು. ಬೇಸಿಗೆಯ ಟೈರು ಚಳಿಗೆ ಕಲ್ಲಾಗಿ, ಏರಿನಲ್ಲಿ ಕಾರಿನ ಬಾಲ ಅತ್ತಿತ್ತ ಒಲೆಯುತ್ತಿತ್ತು. ಹೇಗೋ ಹತ್ತುತ್ತಿದ್ದಳು. ಡಿಸೆಂಬರ್ ಬಂದರೆ ಆ ಟೈರಲ್ಲಿ ರಸ್ತೆಗಿಳಿಯಲು ಕಾನೂನೂ ಬಿಡುವುದಿಲ್ಲ.

ಒಂದು ದಿನ ಮದಾಮ್ ಪೆರೋನ್ ಮೊಸರುಗಡ್ಡೆ ಕತ್ತರಿಸುತ್ತ ಅಂದರು, "ನಿನ್ನ ಕಾರಿನ ವಿಷಯ ಲುಡೊವಿಕ್‌ನ ಕೇಳ್ದೆ. ಅದು ಏರು ಹತ್ತಲ್ಲ ಅಂದ. ನಾನು ಬೇರೆಯವರನ್ನ ನೋಡಿಟ್ಕೊಳ್ಳೋದು ಒಳ್ಳೇದು."

ಲಿಯೆಟ್‌ಳ ಕೈಯಲ್ಲಿದ್ದ ಸೌಟು ನಿಂತುಬಿಟ್ಟಿತು.

ಮಾರಲ್ಲ ಅಂದ, ಸರಿ. ನಕ್ಕ, ಸರಿ. ಆದರೆ ನನ್ನ ಅನ್ನಕ್ಕೂ ಕೈ ಹಾಕಿದನಾ...?

ಆ ಸಂಜೆಯೇ ಕೆಬೆಕ್ ಪೇಟೆಯ ಒಂದು ಅಂಗಡಿಗೆ ಫೋನು ಮಾಡಿದಳು. "ಚಳಿಗಾಲಕ್ಕೆ ಚಿಕ್ಕ ಚಕ್ರವೇ ವಾಸಿ, ಹದಿನೇಳು ಇಂಚು ತಗೊಳ್ಳಿ, ಕಣ್ಣು ಮುಚ್ಚಿ ತರ್ಸಿ, ಕೂರತ್ತೆ," ಎಂದಿತು ಆ ಕಡೆಯ ದನಿ. ಇವಳು ಕಣ್ಣು ಮುಚ್ಚಿಯೇ ತರಿಸಿದಳು.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದಳು. ಹೊಸದನ್ನು ಎತ್ತಿ ಕೂರಿಸಿದಳು. ಬೋಲ್ಟಿನ ತೂತು ಸರಿಯಾಗಿತ್ತು. ಚಕ್ರ ತಿರುಗಿಸಿದಳು.

ಕರ್ರ್...

ಅರ್ಧ ಸುತ್ತಿಗೇ ಕಚ್ಚಿಕೊಂಡಿತು. ಇಂಥ ಕಾರಿಗೆ ಓಟ ಎಷ್ಟೋ ಬ್ರೇಕೂ ಅಷ್ಟೇ ದೊಡ್ಡದು. ಆ ದೊಡ್ಡ ಬ್ರೇಕು ಚಿಕ್ಕ ಚಕ್ರದ ಹೊಟ್ಟೆಗೆ ತಾಗುತ್ತಿತ್ತು. ಹದಿನೇಳು ಇಂಚಿನೊಳಗೆ ಅದಕ್ಕೆ ಜಾಗವೇ ಇರಲಿಲ್ಲ.

ಚಿಕ್ಕಮ್ಮ ಫ್ಲೋರಾನ್ಸ್ ಮೆಟ್ಟಿಲ ಮೇಲೆ ಶಾಲು ಹೊದ್ದು ನಿಂತಿದ್ದಳು. "ಒಳಗೆ ಬಾ ಪುಟ್ಟಿ. ಬಟಾಣಿ ಸೂಪು ಬಿಸಿ ಇದೆ."

"ಬರ್ತೀನಿ ಚಿಕ್ಕಮ್ಮ..." ಎಂದವಳು ಏಳಲಿಲ್ಲ. ಚಕ್ರದ ಮೇಲೆ ಹಣೆ ಇಟ್ಟು ಅತ್ತುಬಿಟ್ಟಳು.

ಅದೇ ಹೊತ್ತಿಗೆ ಬೇಲಿಯ ಆಚೆ ಒಂದು ಹಳೇ ಲಾರಿ ಬಂದು ನಿಂತಿತು. ಲುಡೊ ಇಳಿದ. ಕೈಯಲ್ಲಿ ಕತ್ತರಿಸಿದ ರಟ್ಟಿನ ತುಂಡು.

ಲಿಯೆಟ್ ಕಣ್ಣೊರೆಸಿಕೊಂಡು ಎದ್ದಳು. "ನೋಡಿ ನಗೋಕೆ ಬಂದ್ರಾ? ಅಂಗಡಿಲಿ ನಕ್ಕಿದ್ದು ಸಾಲ್ಲಿಲ್ವಾ? ನನ್ನ ಕಾರು ಹತ್ತಲ್ಲ ಅಂತ ಮದಾಮ್ ಕಿವಿಗೆ ಊದಿದ್ದೂ ಸಾಲ್ಲಿಲ್ವಾ?"

ಲುಡೊ ತಬ್ಬಿಬ್ಬಾದ. "ಹತ್ತಲ್ಲ ಅಂದೆ, ಹೌದು. ಈಗಿರೋ ಟೈರಲ್ಲಿ ಹತ್ತಲ್ಲ, ನನಗೆ ಒಂದೆರಡು ವಾರ ಕೊಡಿ, ಹತ್ತಿಸ್ತೀನಿ ಅಂದೆ. ಅಷ್ಟನ್ನೂ ಹೇಳಿದ್ದೆ."

"ಹತ್ತಲ್ಲ ಅಂತಷ್ಟೇ ಅವರು ಹೇಳಿದ್ದು!"

ಮೆಟ್ಟಿಲ ಮೇಲಿಂದ ಚಿಕ್ಕಮ್ಮ ಬಾಯಿ ಹಾಕಿದಳು, "ಗಿಲೇನ್ ಪೆರೋನ್‌ಗೆ ಹಾಲು ಪೂರ್ತಿ ಬೇಕು, ಮಾತು ಅರ್ಧ ಸಾಕು. ಚಿಕ್ಕಂದಿನಿಂದ ಹಾಗೇ ಅವಳು."

ಲಿಯೆಟ್ ಕೈಯ ಗ್ರೀಸು ಒರೆಸಿಕೊಂಡಳು. "ಎರಡು ವಾರ... ಏನ್ ಮಾಡ್ತಿದ್ರಿ?"

"ಹುಡುಕ್ತಿದ್ದೆ." ಅವನು ಲಾರಿಯ ಮೇಲಿನ ಟಾರ್ಪಾಲು ಸರಿಸಿದ. ನಾಲ್ಕು ಚಕ್ರಗಳು. ಹದಿನೆಂಟು ಇಂಚು, ಸಾದಾ ಬೂದು ಬಣ್ಣ, ದಪ್ಪ ಕಡ್ಡಿ. "ಹಳೇ ಕಾರು ಒಡೆಯೋ ಅಂಗಳ ಎಲ್ಲ ಸುತ್ತಿದೆ. ಕೊನೇದು ನದಿಯಾಚೆ ಸಿಕ್ತು. ಬಿದ್ದು ಪುಡಿಯಾದ ನಿಮ್ಮಂಥದ್ದೇ ಕಾರಿಂದು. ಆದರೆ ಚಕ್ರ ನೆಟ್ಟಗಿವೆ."

"ಮೊದಲೇ ಹೇಳೋಕೇನಾಗಿತ್ತು?"

"ಸಿಗತ್ತೋ ಇಲ್ವೋ ಗೊತ್ತಿರ್ಲಿಲ್ಲ. ಸಿಗದೇ ಇರೋದನ್ನ ಹೇಗೆ ಹೇಳ್ಲಿ?"

ರಟ್ಟನ್ನು ಅವನು ಆ ಚಕ್ರದ ಒಳಮೈಯ ಆಕಾರಕ್ಕೆ ಕತ್ತರಿಸಿ ತಂದಿದ್ದ. ಬ್ರೇಕಿನ ಮುಂದೆ ಮಂಡಿಯೂರಿ ಅದನ್ನು ಹಿಡಿದ. ಲಿಯೆಟ್ ಪಕ್ಕದಲ್ಲೇ ಬಗ್ಗಿದಳು. ರಟ್ಟಿಗೂ ಬ್ರೇಕಿಗೂ ನಡುವೆ ಕಿರುಬೆರಳು ಹೋಗುವಷ್ಟು ಸಂದಿ.

"ಕೂರತ್ತೆ," ಎಂದ ಲುಡೊ.

ಇಬ್ಬರ ತಲೆಗಳೂ ಎಷ್ಟು ಹತ್ತಿರವಿದ್ದವೆಂದರೆ ಅವನ ಬಾಯಿಯ ಆವಿ ಅವಳ ಕೆನ್ನೆಗೆ ತಾಗಿತು. ಯಾರೂ ಬೇಗ ಏಳಲಿಲ್ಲ.

"ಹಿಂದಿನ ಎರಡು ಟೈರು ಅಗಲ ಬೇಡ್ವಾ? ಈಗ ಇರೋದು ಅಗಲ," ಕೇಳಿದಳು, ದನಿ ಸಾವರಿಸಿಕೊಂಡು.

"ಬೇಸಿಗೆಗೆ ಸರಿ. ಹಿಮಕ್ಕೆ ಅಗಲ ಟೈರು ತೇಲತ್ತೆ. ಕಿರಿದು ಸೀಳ್ಕೊಂಡು ನೆಲ ಮುಟ್ಟತ್ತೆ. ನಾಲ್ಕೂ ಒಂದೇ ಅಳತೆ ಇದ್ರೆ ಹಿಂದಿಂದು ಸವೆದಾಗ ಮುಂದಕ್ಕೂ ಹಾಕ್ಬಹುದು. ಮಂಜುಗಡ್ಡೆ ಕಚ್ಚೋಕೆ ಟೈರಿಗೆ ಮೊಳೆ ಕೂರಿಸಿರ್ತಾರಲ್ಲ, ಅದು ಬೇಡ, ಮೆತ್ತನೆ ರಬ್ಬರ್ ತರ್ಸೋಣ. ಇಂಥ ಕಾರಿಗೆ ಅದೇ ಚೆಂದ."

"ಇಲ್ಲ," ಎಂದಳು ಲಿಯೆಟ್. "ಮೊಳೆ ಬೇಕು."

"ಹೆದ್ದಾರಿಲಿ ಕಿವಿ ಕಿತ್ತೋಗತ್ತೆ ಆ ಸದ್ದಿಗೆ."

"ನಾನು ಹೆದ್ದಾರಿಲಿ ಮನೆ ಮಾಡಿಲ್ಲ. ಇಲ್ಲಿ ಸಮುದ್ರದ ಉಬ್ಬರ ನದಿಗೂ ಹತ್ತತ್ತೆ, ಆಗ ಅಲೆ ರಸ್ತೆಗೆ ಸಿಡಿಯತ್ತೆ. ಬೆಳಿಗ್ಗೆ ಅಷ್ಟೂ ಹೆಪ್ಪುಗಟ್ಟಿ ಗಾಜು. ಏರು ಶುರುವಾಗೋ ಮುಂಚೆ ಆ ಗಾಜು ದಾಟ್ಬೇಕು ನಾನು. ನೀವು ಊರ ನಡುವೆ ಇರೋರು, ನಿಮಗೆ ಅದು ಕಂಡಿಲ್ಲ."

ಲುಡೊ ದಂಡೆಯ ರಸ್ತೆ ನೋಡಿದ.

"ಅದು ನನಗೆ ಹೊಳೀಲಿಲ್ಲ. ಮೊಳೆನೇ ಹಾಕೋಣ."

ಇಷ್ಟು ಬೇಗ ಒಪ್ಪಿಕೊಂಡ ಗಂಡಸನ್ನು ಅವಳು ಗಣಿಯಲ್ಲೂ ಕಂಡಿರಲಿಲ್ಲ. ಊರಲ್ಲಂತೂ ಇಲ್ಲವೇ ಇಲ್ಲ.

"ಒಳಗೆ ಬನ್ನಿ ಇಬ್ರೂ," ಚಿಕ್ಕಮ್ಮ ಕೂಗಿದಳು. "ಸೂಪು ಎರಡನೇ ಸಲ ಬಿಸಿ ಮಾಡಿದ್ದೀನಿ. ಮೂರನೇ ಸಲ ಮಾಡಲ್ಲ."

ಆ ವಾರವೇ ಟೈರು ಬಂತು, ಕಾರಿಗೂ ಏರಿತು. ಆಮೇಲೆ ಲುಡೊ ದಿನಾ ಸಂಜೆ ಗಾಳಿ ನೋಡಲು ಬರತೊಡಗಿದ. ಚಳಿಗೆ ಟೈರಿನ ಗಾಳಿ ಇಳಿಯುತ್ತದೆ ನಿಜ. ದಿನಾ ಇಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಡಿಸೆಂಬರ್ ನಡುವಿನಲ್ಲಿ ಬಿರುಗಾಳಿ ಬಂತು. ರಾತ್ರಿಯೆಲ್ಲ ಹಿಮ ಸುರಿದು, ಬೆಳಿಗ್ಗೆ ಎದ್ದಾಗ ಬೇಲಿಗಳೇ ಕಾಣಲಿಲ್ಲ. ಹಿಮ ತಳ್ಳುವ ಲಾರಿ ಪಕ್ಕದೂರಲ್ಲೇ ಸಿಕ್ಕಿಕೊಂಡಿತ್ತು. ಏರಿನ ಬುಡದ ಕ್ಯಾಂಟೀನಿನಲ್ಲಿ ಜನ ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ಫ್ಲೋರಾನ್ಸಳೂ ಇದ್ದಳು, ಕೈ ಕೈ ಹಿಸುಕಿಕೊಳ್ಳುತ್ತ. ಒನೆಸಿಮ್ ಆಗಲೇ ತನ್ನ ಪಿಕಪ್ ತೆಗೆದುಕೊಂಡು, "ದಾರಿ ಮಾಡಿ ಕೊಡ್ತೀನಿ, ಎಲ್ಲ ಹಿಂದೆ ಬನ್ರೋ," ಎಂದು ಏರು ಹತ್ತಿದ್ದ. ಶಿಲುಬೆಯ ತಿರುವಿನಲ್ಲಿ ಅಡ್ಡಡ್ಡ ತಿರುಗಿ ಅರ್ಧ ರಸ್ತೆ ಮುಚ್ಚಿ ನಿಂತಿದ್ದ.

ಆಗ ದಂಡೆಯ ಕಡೆಯಿಂದ ಆ ಗುರುಗುಟ್ಟು ಕೇಳಿಸಿತು.

"ಬಂದ್ಳು ನೋಡ್ರಪ್ಪ. ಚರ್ಚಿನವರೆಗೂ ಹೋಗಲ್ಲ."

"ಹೋಗ್ತಾಳೆ, ಹಿಂದಕ್ಕೆ."

ಲಿಯೆಟ್ ಚಕ್ರದ ಸದ್ದಿಗೆ ಕಿವಿ ಕೊಟ್ಟಿದ್ದಳು. ದಂಡೆಯ ಗಾಜಿನ ಮೇಲೆ ಮೊಳೆಗಳು ಟಕಟಕ ಕಚ್ಚಿದವು. ಕಾರು ದಾರಿ ಬಿಡಲಿಲ್ಲ. ಚರ್ಚು ಹಿಂದೆ ಸರಿಯಿತು. ಏರು ಎದ್ದು ನಿಂತಿತು. ಕಿರಿದಾದ ಟೈರು ಹಿಮವನ್ನು ಕೊಯ್ಯುತ್ತ ಕೆಳಗಿನ ನೆಲ ಹುಡುಕಿ ಹಿಡಿಯಿತು.

ತಿರುವು. ಎದುರಿಗೆ ಒನೆಸಿಮ್‌ನ ಪಿಕಪ್.

ಇಲ್ಲಿ ಕಾಲು ತೆಗೆದರೆ ಮುಗಿಯಿತು. ನಿಂತ ಕಾರು ಈ ಏರಿನಲ್ಲಿ ಮತ್ತೆ ಹೊರಡುವುದಿಲ್ಲ. ಕೆಲಸ, ಮನೆ, ಅವನು... ಎಲ್ಲ ಈ ಒಂದು ತಿರುವಿನಾಚೆ.

'ಪಿಕಪ್ ನೋಡಬೇಡ. ಹೋಗೋ ಕಡೆ ನೋಡು.' ಗಣಿಯ ಹಿಮದ ದಾರಿಯಲ್ಲಿ ತಾನೇ ಕಲಿತ ಪಾಠ.

ಬಲಗಡೆಯ ಎರಡು ಚಕ್ರಗಳನ್ನು ಅಂಚಿನ ಆಳದ ಹಿಮಕ್ಕೆ ಇಳಿಸಿದಳು. ಬಾಲ ಒಮ್ಮೆ ಕಣಿವೆಯತ್ತ ಒಲೆಯಿತು. ಬೆರಳು ಅಲುಗಿಸಿದಳು. ಕಾರು ಮಾತು ಕೇಳಿತು. ಪಿಕಪ್ಪಿನ ಕಿಟಕಿಯಲ್ಲಿ ಒನೆಸಿಮ್‌ನ ತೆರೆದ ಬಾಯಿ ಕಂಡು ಮಾಯವಾಯಿತು. ಆಮೇಲೆ ಮುಂದೆ ಉಳಿದದ್ದು ಬಿಳಿ ರಸ್ತೆ, ಅದರ ತುದಿಗೆ ಆಕಾಶ.

ಕೆಳಗೆ ಕ್ಯಾಂಟೀನಿನಲ್ಲಿ ಎದ್ದ ಕೇಕೆ ಬೆಟ್ಟದ ಮೇಲೂ ಕೇಳಿತಂತೆ.

ಚೀಸ್ ಮನೆಯ ಬಾಗಿಲಲ್ಲಿ ಮದಾಮ್ ಪೆರೋನ್ ಒಬ್ಬರೇ ನಿಂತಿದ್ದರು. ಮಿಕ್ಕ ಯಾರೂ ಬಂದಿರಲಿಲ್ಲ. ಕೊಪ್ಪರಿಗೆ ತುಂಬ ಹಾಲು ಕಾದಿತ್ತು. ಅವರು ನೀಲಿ ಕಾರನ್ನೂ, ಅದರ ಸಾದಾ ಬೂದು ಚಕ್ರಗಳನ್ನೂ ನೋಡಿದರು.

"ಹೊರಗ್ಯಾಕೆ ನಿಂತೆ? ಏಪ್ರನ್ ಹಾಕ್ಕೋ. ಕ್ರಿಸ್ಮಸ್‌ವರೆಗೆ ಅಂತ ಹೇಳಿದ್ದೆ ಅಲ್ವಾ, ಅದನ್ನ ಮರೆತುಬಿಡು. ಈ ಜಾಗ ನಿನ್ನದು."

ಸಂಜೆ ಇಳಿದು ಬಂದಾಗ ಚಿಕ್ಕಮ್ಮ ಹೊಸಿಲಲ್ಲೇ ಹಿಡಿದುಕೊಂಡಳು. "ಊರೆಲ್ಲ ಕಿಟಕಿಲಿದ್ರೆ ಆ ಲುಡೊವಿಕ್ ಒಬ್ಬ ಬೆನ್ನು ಹಾಕಿ ಕೂತಿದ್ದ ಕಣೇ. ನೋಡೋ ಅಂದ್ರೆ, ನೋಡೋದೇನಿದೆ, ಹತ್ತುತ್ತಾಳೆ ಅಂದ. ಕೈಲಿದ್ದ ಕಾಫಿ ಮಾತ್ರ ಪೂರಾ ಮೇಜಿನ ಮೇಲೆ."

ಲಿಯೆಟ್ ಕೋಟೂ ಬಿಚ್ಚದೆ ಅಂಗಡಿಗೆ ಹೊರಟಳು. ಲುಡೊ ಬಾಗಿಲ ಮುಂದಿನ ಹಿಮ ತೆಗೆಯುತ್ತಿದ್ದ. ಅವಳನ್ನು ಕಂಡು ಸಲಿಕೆ ನಿಲ್ಲಿಸಿದ.

"ನೀನು ತಿರುಗಿ ನೋಡ್ಲೇ ಇಲ್ವಂತೆ," ಎಂದಳು. 'ನೀವು' ಎಲ್ಲೋ ಏರಿನಲ್ಲೇ ಬಿದ್ದುಹೋಗಿತ್ತು.

"ನೋಡಿದ್ರೆ ಓಡಿ ಬಂದು ತಳ್ತಿದ್ದೆ. ನಿನಗೆ ಅದು ಬೇಕಿರ್ಲಿಲ್ಲ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಮತ್ತೆ... ದಿನಾ ಗಾಳಿ ನೋಡೋಕೆ ಯಾಕೆ ಬರ್ತಿದ್ದೆ?"

ಲುಡೊನ ತುಟಿ ಅರಳಿತು. ಆ ನಗುವಿನ ಅರ್ಥ ಅವಳಿಗೆ ಈಗ ಗೊತ್ತಿತ್ತು.

"ಲಿಯೆಟ್, ನಾನು ಮಾತಲ್ಲಿ ಹಿಂದೆ. ನಿನ್ನ ಕಂಡ ದಿನದಿಂದ ನಿನ್ನ ಬಿಟ್ಟು ಬೇರೆ ಯಾವುದೂ ತಲೇಲಿಲ್ಲ. ಅಷ್ಟೇ."

"ಅಷ್ಟೇ ಸಾಕು," ಎಂದು ಅವಳು ಸಲಿಕೆ ಕಿತ್ತು ಹಿಮಕ್ಕೆ ಎಸೆದು, ಅವನ ಎರಡೂ ಕೈ ಹಿಡಿದುಕೊಂಡಳು.

ಕ್ರಿಸ್ಮಸ್ ಹಿಂದಿನ ದಿನ, ಭಾನುವಾರ, ಊಟಕ್ಕೆ ಅವನ ತಾಯಿಯ ಮನೆಗೆ ಹೊರಟರು. ಅದು ಬೆಟ್ಟಗಳಾಚೆ, ಸಗುನೆ ಕಡೆ. ಚಿಕ್ಕಮ್ಮ ಮಾಂಸದ ಕಡುಬೊಂದನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿಟ್ಟಳು. ಲಿಯೆಟ್ ಕೀಲಿ ಚಾಚಿದಳು. ಲುಡೊ ತಲೆಯಾಡಿಸಿ ಪಕ್ಕದ ಸೀಟಿನಲ್ಲಿ ಕೂತ.

"ಯಾಕೆ ಸುಮ್ನಿದ್ದೀಯ? ಭಯಾನಾ?"

"ದಾರಿದಲ್ಲ. ಅಮ್ಮ ನಿನ್ನ ನೋಡಿ, ಇವಳನ್ನ ವಾಪಸ್ ಕಳಿಸಲ್ಲ ಅಂದ್ರೆ..."

"ಕಳಿಸೋದಾದ್ರೆ ನಿನ್ನನ್ನೂ ನನ್ನ ಜೊತೆಗೇ ಕಳಿಸ್ಲಿ."

"ಎಷ್ಟು ದಿನಕ್ಕೆ?"

ಲಿಯೆಟ್ ಗೇರು ಹಾಕಿದಳು. "ಸಾಯೋವರೆಗೆ ಅಂತ ಹೇಳು ನಿಮ್ಮಮ್ಮಂಗೆ."

ಮಧ್ಯಾಹ್ನದ ಬಿಸಿಲಲ್ಲಿ ನೀಲಿ ಕಾರು ಏರು ಹತ್ತಿ ಹೋಯಿತು. ರಾತ್ರಿ ಬಿದ್ದ ಹೊಸ ಹಿಮಕ್ಕೆ ಹೆದರದೆ ಆ ಭಾನುವಾರ ಸೇಂತ್-ಓದಿಲ್‌ನಿಂದ ಹೊರಟವರು ಅವರಿಬ್ಬರೇ.