ಗಡಿಗೆಯ ಬಾಯಿಗೆ ಕಲ್ಲು

"ನೆಜ್ಲಾ, ಬಾ ಇಲ್ಲಿ. ಈ ಕಲ್ಲಿನ ವಿಷಯ ಯಾರು ಬರೆದಿದ್ದು?"

ಅಪ್ಪ ಟ್ಯಾಬ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ನೆಜ್ಲಾ ಬಾರ್ಲಿ ರೊಟ್ಟಿ ತಿನ್ನುತ್ತಿದ್ದಳು.

"ಯಾವ ಕಲ್ಲು?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

ಅಪ್ಪ ಓದಿದ. "'ನಮ್ಮ ಕೆರ್ಕೆನ್ನಾ ದ್ವೀಪದ ಕಡಲಿನ ಆಕ್ಟೋಪಸ್ ಗಡಿಗೆಯೊಳಗೆ ಕೂತು, ಕಲ್ಲು ಎಳೆದುಕೊಂಡು ಬಾಯಿ ಮುಚ್ಚುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ. ಮೊಂಜಿ.' ಮೊಂಜಿ ಅಂದ್ರೆ ನಾನೇ ಅಲ್ವಾ? ನಾನ್ಯಾವಾಗ ನೋಡ್ದೆ?"

ನೆಜ್ಲಾ ತಲೆ ತಗ್ಗಿಸಿದಳು.

ಮೊಂಜಿ ಮೂವತ್ತು ವರ್ಷದಿಂದ ಆಕ್ಟೋಪಸ್ ಹಿಡಿಯುವವನು. ಉದ್ದನೆಯ ಹಗ್ಗಕ್ಕೆ ಸಾಲಾಗಿ ಮಣ್ಣಿನ ಗಡಿಗೆ ಕಟ್ಟಿ ಕಡಲಿಗೆ ಇಳಿಸುತ್ತಾನೆ. ಒಳ್ಳೆ ಮನೆ ಸಿಕ್ಕಿತು ಅಂತ ಆಕ್ಟೋಪಸ್ ತಾನಾಗಿಯೇ ಹೋಗಿ ಒಳಗೆ ಕೂರುತ್ತದೆ. ಹೋದ ವರ್ಷ ಒಂದು ದಿನ ಅವನಿಗೆ ಇದ್ದಕ್ಕಿದ್ದಂತೆ ಅನ್ನಿಸಿತು: ಒಂದು ಗಡಿಗೆ ಬಿಟ್ಟು ಇನ್ನೊಂದಕ್ಕೆ ಯಾಕೆ ಹೋಗುತ್ತದೆ? ಅಷ್ಟಕ್ಕೇ ಕಡಲ ಜೀವಿಗಳ ಬಗ್ಗೆ ಕಲಿಸುವ ಆನ್‌ಲೈನ್ ಕ್ಲಾಸಿಗೆ ಸೇರಿಬಿಟ್ಟ!

ಅದು ದೊಡ್ಡವರ ಕ್ಲಾಸು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಇಷ್ಟು ದಿನದೊಳಗೆ ಮುಗಿಸಿ ಅನ್ನುವವರೂ ಇಲ್ಲ. ಕಲಿಸುವ ಬಸ್ಮಾ ಮೇಡಂ ಅವರದು ಒಂದೇ ನಿಯಮ. ನಿಮ್ಮ ಕಣ್ಣಿಂದ ನೋಡಿದ್ದು ಏನಾದರೂ ಬರೆದು ಕಳಿಸಿ, ಆಮೇಲೆ ಮುಂದಿನ ಪಾಠ. ಅಪ್ಪ ನಾಲ್ಕು ತಿಂಗಳಿಂದ ಎರಡನೇ ಪಾಠದಲ್ಲೇ ಇದ್ದ. ಹಳೆ ಗಡಿಗೆ, ಹೊಸ ಗಡಿಗೆ, ಪಾಚಿ ಹಿಡಿದ ಗಡಿಗೆ ಎಲ್ಲವನ್ನೂ ತಿರುಗಿಸಿ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಬರೆದದ್ದರಲ್ಲಿ ಹೆಚ್ಚಿನದು "ಗೊತ್ತಿಲ್ಲ" ಅಂತಲೇ, ಹಾಗಾಗಿ ಈ ಪಾಠಕ್ಕೆ ಇನ್ನೂ ಏನೂ ಕಳಿಸಿರಲಿಲ್ಲ.

ಚಿಕ್ಕಪ್ಪನ ಮಗ ಶೆಡ್ಲಿ ಸ್ಕೂಲಿನಲ್ಲಿ ಎಲ್ಲರೆದುರು ನಕ್ಕಿದ್ದ. "ನಮ್ಮಣ್ಣ ಮೊಬೈಲ್ ರಿಪೇರಿ ಕೋರ್ಸ್ ಒಂದೇ ವಾರಕ್ಕೆ ಮುಗಿಸ್ದ ಕಣೇ. ನಿಮ್ಮಪ್ಪ ಏನು, ಫೇಲಾ?"

ನೆಜ್ಲಾಳಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಇಂಟರ್ನೆಟ್‌ನಲ್ಲಿ ಹುಡುಕಿ, ಕಲ್ಲಿನ ವಿಷಯ ಸಿಕ್ಕಿದ್ದೇ ತಡ, ಅಪ್ಪನ ಹೆಸರಲ್ಲಿ ಬರೆದು ಕಳಿಸಿದ್ದಳು.

"ಮೂರನೇ ಪಾಠ ಬರ್ಲಿ ಅಂತ..." ಎಂದಳು ಈಗ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ಮೂರನೇ ಪಾಠ ಬಂತು ಪುಟ್ಟಿ. ಮೇಡಂ ಅದನ್ನ ನಲ್ವತ್ತು ಜನಕ್ಕೆ ಓದಿ ಹೇಳಿದ್ದಾರೆ. ಯಾವ ದಿನ ನೋಡಿದ್ರಿ, ಎಷ್ಟು ಗಡಿಗೇಲಿ ಅಂತ ಎಲ್ರೂ ಕೇಳ್ತಿದ್ದಾರೆ." ಅಪ್ಪ ಕುರ್ಚಿ ಎಳೆದು ಕೂತ. "ಇನ್ಮೇಲೆ ನಾನು ನೋಡ್ದೆ ಅಂದ್ರೆ ಯಾರು ನಂಬ್ತಾರೆ ಹೇಳು?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೆಜ್ಲಾ ಟ್ಯಾಬ್ ಇಸಿದುಕೊಂಡು ಬರೆದಳು. "ಮೇಡಂ, ಕಲ್ಲಿನ ವಿಷಯ ಅಪ್ಪ ಬರೆದದ್ದಲ್ಲ. ನಾನು ಕಾಪಿ ಮಾಡಿದ್ದು. ಅಪ್ಪ ಸುಳ್ಳು ಹೇಳೋದಿಲ್ಲ. ದಯವಿಟ್ಟು ಎಲ್ಲರಿಗೂ ತಿಳಿಸಿ."

ಮಾರನೆಯ ದಿನ ಮೇಡಂ ಅವರ ವಾಯ್ಸ್ ಮೆಸೇಜ್ ಬಂತು. "ಎಲ್ರಿಗೂ ತಿಳಿಸಿದ್ದೀನಿ ನೆಜ್ಲಾ. ಈಗ ನೀನೇ ದೋಣಿ ಹತ್ತಿ ನೋಡ್ಕೊಂಡು ಬಾ. ನೀನು ಬರೆದು ಕಳಿಸೋವರೆಗೂ ಮೊಂಜಿ ಅವ್ರಿಗೆ ಎರಡನೇ ಪಾಠಾನೇ."

ಭಾನುವಾರ ಬೆಳಿಗ್ಗೆ ದೋಣಿಯಲ್ಲಿ ಅಪ್ಪ ಹಗ್ಗ ಎಳೆದ. ನೆಜ್ಲಾ ಒಂದೊಂದೇ ಗಡಿಗೆಗೆ ಇಣುಕಿದಳು. ದೇವರೇ, ಒಂದು ಕಲ್ಲಾದರೂ ಇರಲಿ! ಇದ್ದರೆ ತಾನು ಬರೆದದ್ದೂ ನಿಜವಾಗುತ್ತದೆ, ಶೆಡ್ಲಿಯ ಬಾಯಿಯೂ ಮುಚ್ಚುತ್ತದೆ. ಹದಿನಾಲ್ಕು ಗಡಿಗೆ ಬಂದವು. ಮೂರರಲ್ಲಿ ಆಕ್ಟೋಪಸ್ ಇತ್ತು, ಕಲ್ಲು ಇರಲಿಲ್ಲ.

ಹದಿನೈದನೆಯದು ಜಾರಿ ವಾಲಿಕೊಂಡಿತು. ಒಳಗೊಂದು ಆಕ್ಟೋಪಸ್. ಗಡಿಗೆಯ ಪಕ್ಕದಲ್ಲೇ, ದೋಣಿಯ ಹಲಗೆಯ ಮೇಲೆ, ಅಂಗೈಯಷ್ಟು ದೊಡ್ಡ ಒದ್ದೆ ಕಲ್ಲು!

"ಅಪ್ಪಾ, ಕಲ್ಲು!" ನೆಜ್ಲಾ ಕೂಗಿದಳು.

ಅಪ್ಪನ ಕಣ್ಣು ಅರಳಿತು. "ಗಡಿಗೆ ಬಾಯಲ್ಲಿತ್ತಾ?"

ನೆಜ್ಲಾ ಬಾಯಿ ತೆರೆದಳು. ಹೂಂ ಅಂದರೆ ಮುಗಿಯಿತು. ಅಪ್ಪ ಹಗ್ಗದ ಕಡೆ ನೋಡುತ್ತಿದ್ದ, ಬೇರೆ ಯಾರೂ ನೋಡಿರಲಿಲ್ಲ. ಆದರೆ ಒಮ್ಮೊಮ್ಮೆ ಹಗ್ಗದ ಜೊತೆಗೂ ಕಲ್ಲು ಬರುತ್ತದೆ. ಅವಳು ನೋಡುವಷ್ಟರಲ್ಲಿ ಅದು ಹಲಗೆಯ ಮೇಲಿತ್ತು.

ಆಕ್ಟೋಪಸ್ ಒಂದು ತೋಳನ್ನು ಮೆಲ್ಲಗೆ ಹೊರಗೆ ಚಾಚಿ ಗಡಿಗೆಯ ಅಂಚನ್ನು ಮುಟ್ಟಿ ನೋಡಿತು. ನೆಜ್ಲಾ ಅದನ್ನೇ ನೋಡಿದಳು. ಏನು ಹುಡುಕುತ್ತಿದೆ ಇದು?

"ನೋಟ್‌ಬುಕ್ ಕೊಡಪ್ಪಾ" ಎಂದಳು.

ಪುಟ ಒದ್ದೆಯಾಗದಂತೆ ಬಗ್ಗಿ ಕೂತು ಬರೆದಳು. "ಹದಿನೈದನೇ ಗಡಿಗೆ. ಪಕ್ಕದಲ್ಲಿ ಕಲ್ಲು ಇತ್ತು. ಎಲ್ಲಿಂದ ಬಂತೋ ಗೊತ್ತಿಲ್ಲ."

ಅಪ್ಪ ಅದನ್ನು ಎರಡು ಸಲ ಓದಿದ. ಹದಿನಾರನೇ ಗಡಿಗೆಯ ಹಗ್ಗವನ್ನು ಅವಳ ಕೈಗೆ ಕೊಟ್ಟ. ಬಾಯಲ್ಲಿ ಕಲ್ಲಿದ್ದರೆ ಬೀಳದ ಹಾಗೆ, ನೆಜ್ಲಾ ಮೆಲ್ಲಗೆ, ಬಹಳ ಮೆಲ್ಲಗೆ ಎಳೆಯತೊಡಗಿದಳು.