ಅಮ್ಮನ ತೊಡೆಗೆ ಪರೀಕ್ಷೆ

“ಕಾಫಿ ಡಬ್ಬಕ್ಕೆ ಕಾಲು ಬಂತಾ? ಎದ್ದು ನಡ್ಕೊಂಡು ಹೋಯ್ತಾ?”

ಅಮ್ಮ ಅಡುಗೆಮನೆಯ ಕೊನೆಯ ಕಪಾಟನ್ನೂ ಧಡಾರನೆ ಮುಚ್ಚಿದಳು. ಅಮೆರಿಕದ ಡುಲೂತ್ ಊರಿನ ಮೇಲೆಲ್ಲ ಮಂಡಿಯುದ್ದ ಹಿಮ. ಅಮ್ಮನ ತಲೆಯೊಳಗೆ ಮಾತ್ರ ಗುಡುಗು. ನಿನ್ನೆಯಿಂದ ಅವಳಿಗೆ ಒಂದು ತೊಟ್ಟು ಕಾಫಿ ಸಿಕ್ಕಿರಲಿಲ್ಲ.

ಮಗಳು ಸಿಗ್ನೆ ತಲೆ ಎತ್ತದೆ ಒಣ ಟೋಸ್ಟನ್ನು ಬಲು ಶ್ರದ್ಧೆಯಿಂದ ಅಗಿಯುತ್ತಿದ್ದಳು.

“ಹಾಲೂ ಇಲ್ಲ! ಚೀಸೂ ಇಲ್ಲ! ಇದೇನು ಮನೆಯಾ, ಮರುಭೂಮಿಯಾ?”

ಅಪ್ಪ ಬೂಟಿನ ಹಿಮ ಕೊಡವುತ್ತಾ ಒಳಗೆ ಬಂದ. ಕಲ್ಲಾಗಿದ್ದ ಹಾಲಿನ ಕ್ಯಾನನ್ನು ಅಮ್ಮನ ಮುಂದೆ ಹಿಡಿದ. “ಇಂಗಾ, ನಮ್ಮ ಹಿತ್ತಲಲ್ಲಿ ಹಾಲಿನ ಬೆಳೆ ಬಂದಿದೆ ನೋಡು. ಹಿಮದಲ್ಲಿ ಹೂತಿತ್ತು.”

ಇಬ್ಬರೂ ಸಿಗ್ನೆಯತ್ತ ತಿರುಗಿದರು.

“ಕಾಫಿ ನನ್ನ ಹಾಕಿ ಬ್ಯಾಗಲ್ಲಿದೆ,” ಎಂದಳು ಅವಳು ಮೆಲ್ಲಗೆ.

“ಆ ಬೆವರು ನಾತದ ಬ್ಯಾಗಲ್ಲಾ?” ಅಮ್ಮ ಕುರ್ಚಿಯಲ್ಲಿ ಕುಸಿದಳು.

“ಇನ್ನೇನು ಮಾಡ್ಲಿ? ನೀನು ದಿನವಿಡೀ ಕಾಫಿ ಕುಡೀತೀಯ. ನಾಳೆ ನೀನು ಟೆಸ್ಟಲ್ಲಿ ಫೇಲಾದ್ರೆ ನನ್ನ ಗತಿ?”

ಸಿಗ್ನೆಯ ಟಾನ್ಸಿಲ್ ಆಗಾಗ ಉಬ್ಬಿ ಜ್ವರ ತರುತ್ತಿತ್ತು. ಹಾಕಿ ತಂಡದ ಗೋಲ್‌ಕೀಪರ್ ಆಗಬೇಕಾದವಳು ಕಂಬಳಿ ಕೀಪರ್ ಆಗಿದ್ದಳು. ಟಾನ್ಸಿಲ್ ತೆಗೆಸೋಣವೆಂದರೆ, ತಾತನ ಸುದ್ದಿ ಕೇಳಿದ ಡಾಕ್ಟರು ತಡೆದರು. ಹಿಂದೆ ಅಮ್ಮನ ಅಪ್ಪನಿಗೆ ಆಪರೇಷನ್ನಿಗೆಂದು ಮತ್ತು ಬರಿಸುವ ಗ್ಯಾಸ್ ಕೊಟ್ಟಾಗ ಮೈಯೆಲ್ಲ ಸೆಟೆದು, ಜ್ವರವೇರಿ, ಜೀವ ಉಳಿದದ್ದೇ ದೊಡ್ಡದಾಗಿತ್ತು. ಆ ಗುಣ ಮಕ್ಕಳಿಗೂ ಮೊಮ್ಮಕ್ಕಳಿಗೂ ಬರಬಹುದಂತೆ.

ಸಿಗ್ನೆ ಮೂಗು ಹಿಡಿದು ಡಾಕ್ಟರಂತೆಯೇ ಉಲಿದಳು: “‘ಮೊದಲು ಅಮ್ಮನ ಸ್ನಾಯು ನೋಂಡೋಣ. ಕೆಂಫೀನು, ಕ್ಯಾಂಲ್ಸಿಯಂ...’ ಕೆಫೀನ್ ಇರೋದು ಕಾಫೀಲಿ. ಕ್ಯಾಲ್ಸಿಯಂ ಇರೋದು ಹಾಲಲ್ಲಿ. ಎರಡನ್ನೂ ಬಚ್ಚಿಟ್ಟೆ!”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಹಣೆ ಒತ್ತಿಕೊಂಡಳು.

“ಅಯ್ಯೋ ಮಾರಾಯ್ತಿ! ನಾನು ಕುಡಿಯೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸ್ನಾಯುವಿನ ಎಳೆಯೊಳಗೆ ಸಣ್ಣ ಸಣ್ಣ ಚೀಲ ಇರ್ತವೆ. ಅದರಲ್ಲಿ ಕ್ಯಾಲ್ಸಿಯಂ. ಚೀಲದ ಬಾಗಿಲು ತೆಗೆದ್ರೆ ಕ್ಯಾಲ್ಸಿಯಂ ಹೊರಗೆ ನುಗ್ಗುತ್ತೆ, ಎಳೆ ಬಿಗಿಯುತ್ತೆ. ವಾಪಸ್ ಒಳಗೆ ಹೋದ್ರೆ ಸಡಿಲ. ಕೆಫೀನ್ ಬಂದು ಆ ಬಾಗಿಲು ತಟ್ಟುತ್ತೆ.”

“ತಟ್ಟಿದ್ರೆ ತೆಗೆದುಬಿಡುತ್ತಾ?”

“ಜೋರಾಗಿ ತಟ್ಟಿದ್ರೆ ಎಲ್ಲರದೂ ತೆಗೆಯುತ್ತೆ. ತಾತನಂಥವರ ಚಿಲಕ ಲೂಸು. ಕೆಫೀನ್ ಮೆಲ್ಲಗೆ ತಟ್ಟಿದ್ರೂ ಧಡ್! ಆ ಗ್ಯಾಸ್ ತಟ್ಟಿದ್ರೂ ಧಡ್!”

“ಅದಕ್ಕೆ ಮಿನಿಯಾಪೊಲಿಸ್‌ವರೆಗೆ ಆ ದೊಡ್ಡಾಸ್ಪತ್ರೆಗೆ ಯಾಕೆ ಹೋಗ್ಬೇಕು? ಇಲ್ಲೇ ಒಂಚೂರು ತೆಗೆದು ಪಾರ್ಸೆಲ್ ಕಳಿಸಿದ್ರಾಯ್ತಪ್ಪ.”

“ನನ್ನ ತೊಡೆ ಏನು ಪಿಜ್ಜಾನಾ? ಕೊಯ್ದ ಸ್ನಾಯುವಿನ ತುಂಡಿನಲ್ಲಿ ಇನ್ನೂ ಜೀವ ಇರಬೇಕು ಕಣೇ. ಅಲ್ಲೇ ಕೊಯ್ದು, ಅಲ್ಲೇ ಕೆಫೀನ್ ನೀರಿಗೆ ಇಳಿಬಿಡ್ತಾರೆ.”

ಸಿಗ್ನೆಯ ಬಾಯಲ್ಲಿ ಟೋಸ್ಟು ಹಾಗೇ ನಿಂತಿತು. ಟೆಸ್ಟೆಂದರೆ ಬೆರಳಿಗೆ ಸೂಜಿ ಚುಚ್ಚುವುದೆಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಮಿನಿಯಾಪೊಲಿಸ್‌ನಿಂದ ಬಂದ ಕಾರು ಮರುದಿನ ಸಂಜೆ ಅಂಗಳದಲ್ಲಿ ನಿಂತಾಗ ಸಿಗ್ನೆ ಸಾಕ್ಸಿನಲ್ಲೇ ಬಾಗಿಲಿಗೆ ಓಡಿದಳು.

“ಏನಾಯ್ತು? ಧಡ್ಡಾ?”

“ಇಲ್ಲ. ಮೆಲ್ಲಗೆ ತಟ್ಟಿದ್ದಕ್ಕೆ ಜಗ್ಗಲೇ ಇಲ್ಲ. ಚಿಲಕ ಗಟ್ಟಿ!” ಎಂದ ಅಪ್ಪ. “ಇನ್ನು ನಿನ್ನ ಆಪರೇಷನ್ನಿಗೆ ದಿನ ಕೊಡ್ತಾರೆ.”

ಸಿಗ್ನೆ ಕುಣಿದಳು. ಇಷ್ಟು ಹೊತ್ತಾದರೂ ಅಮ್ಮ ಕಾರಿನಿಂದ ಪೂರ್ತಿ ಇಳಿದಿರಲಿಲ್ಲ. ಬಾಗಿಲು ಹಿಡಿದು ಒಂದು ಕಾಲು ಊರಿದಳು, ಹಲ್ಲು ಕಚ್ಚಿದಳು, ಇನ್ನೊಂದನ್ನು ಎಳೆದುಕೊಂಡಳು.

“ಟಾನ್ಸಿಲ್ ನಂದು. ನನ್ನ ತೊಡೇನೇ ಕೊಯ್ದು ನೋಡಬಹುದಿತ್ತಲ್ಲಪ್ಪಾ?”

“ನೋಡಬಹುದಿತ್ತು,” ಎಂದ ಅಪ್ಪ. “ಆದ್ರೆ ಅಮ್ಮನಲ್ಲಿ ಆ ಗುಣ ಇಲ್ಲ ಅಂದ್ರೆ ತಾತನದು ನಿನಗೂ ಬರಲ್ಲ. ಆಮೇಲೆ ನಿನ್ನನ್ನ ಮುಟ್ಟೋದೇ ಬೇಡ. ಅದಕ್ಕೇ ಇವಳು...”

“ರೀ, ಭಾಷಣ ಆಮೇಲೆ! ಮೊದಲು ಕೈ ಹಿಡೀರಿ, ಜಾರ್ತಿದೆ,” ಎಂದು ಅಮ್ಮ ರೇಗಿದಳು.

ಅಮ್ಮನ ಪ್ಯಾಂಟಿನ ಒಳಗೆ, ತೊಡೆಯ ಮೇಲೆ, ದಪ್ಪ ಬ್ಯಾಂಡೇಜು ಉಬ್ಬಿಕೊಂಡಿತ್ತು. ಸಿಗ್ನೆ ತನ್ನ ತೊಡೆಯ ಅದೇ ಜಾಗವನ್ನು ಮುಟ್ಟಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ.

ಅವಳು ಸಾಕ್ಸಿನಲ್ಲೇ ಹಿಮಕ್ಕಿಳಿದು ಅಮ್ಮನ ಕೈಗೆ ಹೆಗಲು ಕೊಟ್ಟಳು.

“ಬೂಟು ಹಾಕ್ಕೊಳ್ಳೇ, ಕೋತಿ!”

“ನಡಿಯಮ್ಮಾ,” ಎಂದಳು ಸಿಗ್ನೆ. “ನಿಧಾನಕ್ಕೆ ನಡಿ.”